ಮಾರಿಕಣಿವೆಗೆ ಹೋದ ಕುರಿಗಳು

ಚಿತ್ರದುರ್ಗ ಜಿಲ್ಲೆಯಲ್ಲಿ ನನ್ನ ಸೋದರಮಾವನಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ ಎಂದರೆ ಉತ್ಪ್ರೇಕ್ಷೆ ಎಂದೀರಿ. ಹಾಗಾದರೆ ಪಕ್ಕದ ಜಿಲ್ಲೆಗಳನ್ನೂ ಸೇರಿಸಿಕೊಳ್ಳುತ್ತೇನೆ! ಮಂದೆಗೆ ನುಗ್ಗಿದ ತೋಳವನ್ನು ಬರೀ ದೊಣ್ಣೆ ಹಿಡಿದು ಕೆರೆ ಏರಿಯವರೆಗೆ ಅಟ್ಟಿದವನು ಅವನೇ. ಹಾವು, ದೆವ್ವ, ಅಮಲ್ದಾರ, ಯಾರಿಗೂ ಜಗ್ಗಿದವನಲ್ಲ. ಹೆದರುತ್ತಿದ್ದುದು ಒಂದಕ್ಕೇ: ಕೆಟ್ಟ ಸುದ್ದಿ ಹೇಳುವುದಕ್ಕೆ. ಎದುರಿಗಿದ್ದವರ ಮುಖ ಬಾಡುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ನಾನಾಗ ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಓದುತ್ತಾ, ರಜೆಗೆ ಹೊಸದುರ್ಗದ ಆಚೆಗಿದ್ದ ಮಾವನ ಹಟ್ಟಿಗೆ ಬರುತ್ತಿದ್ದೆ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಮೇಷ್ಟ್ರು ಕಲಿಸಿದ್ದರು. ಆ ಒಬ್ಬನೇ ಸಾಕ್ಷಿ ನಾನೇ ಆದರೆ ಏನು ಮಾಡಬೇಕೆಂದು ಮಾತ್ರ ಕಲಿಸಲಿಲ್ಲ.

ಮಂದೆಯಲ್ಲಿ ಕುರಿ ಸತ್ತರೆ ಮಾವ ಅದನ್ನು ಅಲ್ಲೇ ಹೂತು, ಏನೂ ಆಗದವನಂತೆ ಮನೆಗೆ ಬರುತ್ತಿದ್ದ. ಅತ್ತೆಯ ಕಣ್ಣು ತಪ್ಪಿಸಲಾದೀತೇ?

"ಆ ಕರೀ ಮಕದ ಮರಿ ಎಲ್ರೀ?"

"ಅದಾ? ಮಾರಿಕಣಿವೆ ಕಡೆ ಮೇಯಾಕೆ ಹೋಗೈತೆ."

ತೋಳ ಹಿಡಿದದ್ದು, ರೋಗ ಬಡಿದದ್ದು, ಬಾವಿಗೆ ಬಿದ್ದದ್ದು, ಎಲ್ಲವೂ ಮಾರಿಕಣಿವೆಗೇ ಹೋದವು. ಅಣೆಕಟ್ಟಿನ ಹಿನ್ನೀರಿನ ಹುಲ್ಲು ಅಷ್ಟು ರುಚಿಯೇ? ಹೋದದ್ದೊಂದೂ ತಿರುಗಿ ಬರಲಿಲ್ಲ!

"ಇಲ್ಲಿರೋ ಮಂದೆಗಿಂತ ಅಲ್ಲಿರೋದೇ ದೊಡ್ಡದಾತಲ್ಲ," ಎನ್ನುತ್ತಿದ್ದಳು ಅತ್ತೆ. "ನಾವೂ ಅಲ್ಲಿಗೇ ಹೋಗಾಣ ನಡೀರಿ, ಸಾವ್ಕಾರ್ರಾಗಿ ಇರಾಣ!"

ಇಂಥವನನ್ನು ಒಮ್ಮೆ ಸಾವಿನ ಸುದ್ದಿ ಮುಟ್ಟಿಸಲು ಕಳಿಸಿದ್ದರೆಂದರೆ ನಂಬುತ್ತೀರಾ? ದೊಡ್ಡಜ್ಜ ತೀರಿಕೊಂಡ ದಿನ ಗಂಡಸರೆಲ್ಲ ಕುರಿಗಳ ಹಿಂದೆ ಹೋಗಿದ್ದರು. ಬಬ್ಬೂರಿನ ಬೀಗರಿಗೆ ಹೇಳಲು ಮಾವನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ಸಾವಿನ ಸುದ್ದಿ ತಂದವನು ಹೊಸಿಲು ದಾಟಬಾರದು. ಹೊರಗೇ ನಿಂತು ಹೇಳಿ, ಹನಿ ನೀರೂ ಕುಡಿಯದೆ ಹಿಂತಿರುಗಬೇಕು. ಇದು ನಮ್ಮ ಕಡೆಯ ಪದ್ಧತಿ. ಮಾವನೂ ಹೊರಗೇ ನಿಂತನಂತೆ. ಆದರೆ ಬೀಗಿತ್ತಿ ನಗುನಗುತ್ತಾ ಬಂದು, "ಅಯ್ಯೋ, ಅಲ್ಯಾಕೆ ನಿಂತ್ರಿ? ಒಳಕ್ಕೆ ಬರ್ರಿ, ಕುಂತ್ಕಳ್ರಿ" ಎಂದದ್ದೇ ತಡ, ಆ ನಗು ಕೆಡಿಸಲು ಇವನಿಗೆ ಮನಸ್ಸು ಬರಲಿಲ್ಲ. ಒಳಗೆ ಹೋದ. ಮಜ್ಜಿಗೆ ಕುಡಿದ. ಮುದ್ದೆ ಉಂಡ. ಹೊರಡುವಾಗ, "ನಾಳೆ ಬೆಳಿಗ್ಗೆನೇ ಎಲ್ರೂ ನಮ್ಮಟ್ಟಿಗೆ ಬಂದ್ರೆ ಬಾಳ ಒಳ್ಳೇದು. ಕುರಿ ಮರಿ ಹಾಕ್ಯಾವೆ, ನೋಡಾಕೆ ಚಂದ" ಎಂದು ಹೇಳಿ ಬಂದ.

ಮರುದಿನ ಬಂದರಲ್ಲ! ರೇಷ್ಮೆ ಸೀರೆ, ಮುಡಿತುಂಬ ಹೂವು, ಬುಟ್ಟಿತುಂಬ ಹೋಳಿಗೆ! ಅಂಗಳದಲ್ಲಿ ಕೂರಿಸಿದ್ದ ದೊಡ್ಡಜ್ಜನ ಎದುರು ಬೀಗಿತ್ತಿ ಮೊದಲು ಅಳಬೇಕೋ, ಬುಟ್ಟಿ ಇಳಿಸಬೇಕೋ ತಿಳಿಯದೆ ನಿಂತುಬಿಟ್ಟಳು. ಹಿರಿಯರು ಮಾವನ ಮೇಲೆ ಹರಿಹಾಯ್ದರು.

"ಬಂದ್ರಲ್ಲ, ಮತ್ತೇನ್ರಿ?" ಎಂದ ಮಾವ. "ಒಂದಿನ ಜಾಸ್ತಿ ನಕ್ಕಂಡಿದ್ರು. ಯಾರ ಗಂಟು ಹೋತು?"

ಅದಾದ ಮರುವರ್ಷ ಚಿಕ್ಕಮಾವನಿಗೆ ಕಾಮಾಲೆ ಹಿಡಿಯಿತು. ಅಜ್ಜಿಯ ಕೊನೆಯ ಮಗ ಅವನು. ಮಾವನೇ ಹೆಗಲ ಮೇಲೆ ಹೊತ್ತು ಬೆಳೆಸಿದ ತಮ್ಮ. ಅವನನ್ನು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದ ದಿನವೇ, ಹೃದಯ ದುರ್ಬಲವಾಗಿದ್ದ ಅಜ್ಜಿಯನ್ನು ಬಾಗೂರಿನ ಚಿಕ್ಕಮ್ಮನ ಮನೆಗೆ ಸಾಗಿಸಿದರು. ಮಗ ಹೊಳಲ್ಕೆರೆ ಕಡೆ ಗೊಬ್ಬರಕ್ಕೆಂದು ಹೊಲಗಳಲ್ಲಿ ಮಂದೆ ನಿಲ್ಲಿಸಲು ಹೋಗಿದ್ದಾನೆ ಎಂದು ಅವಳಿಗೆ ಹೇಳಿದ್ದರು. ಚಿಕ್ಕಮಾವ ಆಸ್ಪತ್ರೆಯಿಂದ ಹಟ್ಟಿಗೆ ಬಂದದ್ದು ಹೆಣವಾಗಿ.

ಮುದುಕಿಗೆ ತಿಳಿದರೆ ಎದೆ ಒಡೆದು ಹೋಗುತ್ತಾಳೆ, ಮಣ್ಣು ಮುಗಿಯುವವರೆಗೆ ಅಲ್ಲೇ ಇರಲಿ ಎಂದು ಹಿರಿಯರು ತೀರ್ಮಾನಿಸಿದರು. ಆದರೆ ಬಾಗೂರಿನಲ್ಲಿ ಯಾರಾದರೂ ಬಾಯಿಬಿಟ್ಟರೆ? ಅವಳನ್ನು ಕಾಯಲು ಒಬ್ಬರು ಬೇಕಲ್ಲ?

"ಇವನ್ನೇ ಕಳ್ಸ್ರಿ," ಎಂದರು ಹಟ್ಟಿಯ ಗೌಡರು, ಮಾವನನ್ನು ತೋರಿಸಿ. "ಇವನ ಬಾಯಾಗೆ ಕೆಟ್ಟ ಸುದ್ದಿ ಸತ್ರೂ ಬರಲ್ಲ."

ಹೆಣದ ಮುಂದೆಯೂ ಒಂದಿಬ್ಬರು ನಕ್ಕರು. ಮಾವ ಗಾಡಿ ಹೂಡಿದ.

ನಾನೂ ಆ ಗಾಡಿಯಲ್ಲಿದ್ದೆ. ಅಂದರೆ, ಇದ್ದೆನೆಂದು ನನ್ನ ನೆನಪು. ನೀನು ಹಟ್ಟಿಯಲ್ಲೇ ಬಂದವರಿಗೆ ಚಾಪೆ ಹಾಸುತ್ತಿದ್ದೆ, ಚಿಕ್ಕಮ್ಮ ಹೇಳಿದ್ದನ್ನೇ ಕಂಡವನಂತೆ ಹೇಳುತ್ತೀಯ ಎನ್ನುತ್ತಾಳೆ ಅಕ್ಕ. ಇರಬಹುದು. ಆದರೆ ದಾರಿಯುದ್ದಕ್ಕೂ ಮಾವ ಒಮ್ಮೆಯೂ ಎತ್ತುಗಳನ್ನು ಗದರಲಿಲ್ಲ ಎಂಬುದು ನನಗೆ ಹೇಗೆ ಗೊತ್ತು?

ಬಾಗೂರಿನ ಮನೆಯಲ್ಲಿ ಅಜ್ಜಿ ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮಗನನ್ನು ಕಂಡು ಅವಳ ಬೊಚ್ಚುಬಾಯಿ ಅರಳಿತು.

"ಬಾರಪ್ಪಾ, ಬಿಸಿಲಾಗೆ ಬಂದೀಯ. ಒಳಕ್ಕೆ ಬಾ, ನೀರು ಕುಡಿ."

ಮಾವ ಹೊಸಿಲಿನ ಹೊರಗೆ ನಿಂತ.

"ಲೇ, ಬಾರೋ ಒಳಕ್ಕೆ."

ಮಾವ ಅಲುಗಲಿಲ್ಲ. ಚಿಕ್ಕಮ್ಮ ಚೊಂಬು ಚಾಚಿದಳು, ಅವನು ಮುಟ್ಟಲಿಲ್ಲ. ಅಜ್ಜಿಯ ಕೈ ಅವರೆಕಾಯಿಯ ಮೇಲೆ ನಿಂತಿತು. ಅವಳ ಮುಖದ ನಗು ಆರುವುದನ್ನು ಮಾವ ನೋಡಿದ. ನೋಡುತ್ತಲೇ ನಿಂತ.

"ಚಿಕ್ಕೋನಾ?"

ಮಾವ ತಲೆಯಾಡಿಸಿದ.

ಅಜ್ಜಿಯೇ ಅವನಿಗೊಂದು ದಾರಿ ಮಾಡಿಕೊಟ್ಟಳು. ಅಥವಾ ತನಗಾಗಿಯೇ ಬೇಡಿಕೊಂಡಳೇನೋ. "ಮಾರಿಕಣಿವೆ ಕಡೆ ಹೋಗ್ಯಾನೆ ಅನ್ನೋ. ಹಂಗನ್ನಪ್ಪಾ."

"ಇಲ್ಲವ್ವ," ಎಂದ ಮಾವ. "ಸತ್ತ. ಇನ್ನೂ ಮಣ್ಣಾಗಿಲ್ಲ. ನೀನು ಬರಬೇಕು."

ಗಾಡಿ ಹಟ್ಟಿಗೆ ಬಂದಾಗ ಗೌಡರು ಎದ್ದು ನಿಂತರು. "ಏನಪ್ಪ, ನಿನ್ನ ಕಳ್ಸಿದ್ದು ಎದಕ್ಕೆ, ನೀನು ಮಾಡಿದ್ದೇನು? ಮುದುಕಿಗೆ ಏನಾರ ಆದ್ರೆ?"

"ನನ್ನ ಮೇಲಿರ್ಲಿ ಬಿಡ್ರಿ," ಎಂದ ಮಾವ. "ಅವ್ವ ಬಂದಾಳೆ, ದಾರಿ ಬಿಡ್ರಿ."

ಅಜ್ಜಿ ಮಗನ ಮುಖ ಸವರಿದಳು. ಗುಂಡಿಯ ಬಳಿ ಮಾವ ಅವಳ ಬೊಗಸೆಗೆ ಮಣ್ಣು ತುಂಬಿದ. ಅವಳ ಎದೆ ಒಡೆಯಲಿಲ್ಲ. ಒಡೆದಿದ್ದರೆ?

ಇನ್ನಾದರೂ ಮಾವ ಬದಲಾದನೆಂದುಕೊಂಡಿರಾ? ಮುಂದಿನ ರಜೆಯಲ್ಲಿ ನಾನು ಹೋದಾಗ ಒಂದು ಮರಿ ಸತ್ತಿತ್ತು.

"ಎಲ್ರೀ ಅದು?" ಎಂದಳು ಅತ್ತೆ.

ಮಾವ ನೆಲ ನೋಡಿದ. "ಮಾರಿಕಣಿವೆ ಕಡೆ ಹೋಗೈತೆ."

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ಅಜ್ಜಿಯ ದನಿ ಕೇಳಿತು.

"ಹೋಗ್ಲಿ ಬಿಡೇ. ಅಲ್ಲಿ ಚಿಕ್ಕೋನು ಅವ್ನೆ. ನೋಡ್ಕಂತಾನೆ."