ಮಾವ ಹುಡುಕುತ್ತಿದ್ದ ಜಪಾನಿ ಸಿಪಾಯಿ

ಬಾಲ್ಕನಿ ಟಿಕೆಟ್ಟು ಎರಡು, ಒಟ್ಟು ಐದು ರೂಪಾಯಿ. ಪಾತ್ರೆ ಅಂಗಡಿ ಇಟ್ಟು ಸ್ವಂತ ಕಾಲ ಮೇಲೆ ನಿಂತ ನಾನು, ಗಾಂಧಿ ಕ್ಲಾಸಿನ ಬೆಂಚು ಖಾಲಿ ಇರುವಾಗ ಬಾಲ್ಕನಿಗೆ ದುಡ್ಡು ಸುರಿಯುವ ಆಸಾಮಿಯಲ್ಲ. ಆದರೂ ಸುರಿದೆ. ಯಾಕೆಂದರೆ ಗಾಂಧಿ ಕ್ಲಾಸಿನಿಂದ ಪರದೆ ತೀರಾ ಹತ್ತಿರ. ನಮ್ಮ ಸೋದರಮಾವ ಎದ್ದು ಹೋಗಿ ಅದನ್ನು ಗದರಿಸಿ ಬರುವಷ್ಟು ಹತ್ತಿರ. ಹಿಂದಿನ ಭಾನುವಾರ ಗದರಿಸಿಯೂ ಬಂದಿದ್ದರು.

ಅದು ಎಪ್ಪತ್ತರ ದಶಕದ ಕೊನೆ. ಯಶವಂತಪುರದ ಟಾಕೀಸಿನಲ್ಲಿ ಭಾನುವಾರದ ಮಾರ್ನಿಂಗ್ ಶೋಗೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಪೋಸ್ಟರಿನಲ್ಲಿ ಹೆಲ್ಮೆಟ್ಟು, ಬಂದೂಕು ಕಂಡರೆ ನಾನು ಹುಣಸಮಾರನಹಳ್ಳಿಗೆ ಸುದ್ದಿ ಮುಟ್ಟಿಸಬೇಕು. ಪರೇಡಿನ ನಾಲ್ಕು ಮಾತು ಬಿಟ್ಟರೆ ಇಂಗ್ಲಿಷ್ ಗೊತ್ತಿಲ್ಲದ ಮಾವ, ಹೊಲದ ಕೆಲಸ ಬಿಟ್ಟು, ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸಿ ಬಂದುಬಿಡುತ್ತಿದ್ದರು. ದೊರೆಸಾನಿಯರನ್ನು ನೋಡುವುದಕ್ಕೆ ಎಂದು ಅತ್ತೆಯ ಅನುಮಾನ. ಅಲ್ಲ, ಜಪಾನಿ ಸಿಪಾಯಿಗಳನ್ನು ನೋಡುವುದಕ್ಕೆ.

ಮಾವ ಬ್ರಿಟಿಷರ ಪಲ್ಟನ್ನಿನಲ್ಲಿ, ಜಪಾನಿಯರ ವಿರುದ್ಧ ಬರ್ಮಾ ಯುದ್ಧಕ್ಕೆ ಹೋಗಿದ್ದವರು. ಜೊತೆಗೆ ಅವರ ತಮ್ಮನೂ ಹೋಗಿದ್ದ. ವಾಪಸ್ಸು ಬಂದದ್ದು ಒಬ್ಬರೇ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ಮಾವನಿಗೆ ಇದ್ದದ್ದು ಒಂದೇ ಆಸೆ.

"ಒಂದ್ ಸಿನಿಮಾದಾಗಾದ್ರೂ ಜಪಾನ್ನೋನ್ನ ಸರಿಯಾಗಿ ತೋರ್ಸ್ತಾರಾ ನೋಡಾನ ಕಣ್ಲಾ ಅಳಿಯ."

ತೋರಿಸುತ್ತಿರಲಿಲ್ಲ. ಹಾಲಿವುಡ್ಡಿನ ಜಪಾನಿ ಸಿಪಾಯಿಗೆ ಉಬ್ಬುಹಲ್ಲು, ದಪ್ಪ ಕನ್ನಡಕ, ಗಂಟಲು ಹರಿಯುವ ಕಿರುಚಾಟ. ಸಾಲಾಗಿ ಓಡಿಬರುತ್ತಾನೆ, ಸಾಲಾಗಿ ಬೀಳುತ್ತಾನೆ. ನಾಯಕ ಒಬ್ಬನೇ ಮೂವತ್ತು ಜನರನ್ನು ಉರುಳಿಸಿ ಸಿಗರೇಟು ಹಚ್ಚುತ್ತಾನೆ. ಜನ ಶಿಳ್ಳೆ ಹಾಕಿ ನಗುತ್ತಾರೆ. ಆಗ ಮಾವ ಎದ್ದು ನಿಲ್ಲುತ್ತಾರೆ.

"ಇಂಗಲ್ಲ ಕಣ್ರಪ್ಪಾ. ಅವ್ರು ಕಿರುಚ್ತಾನೇ ಇರ್ಲಿಲ್ಲ!"

ಬಾಲ್ಕನಿಯಲ್ಲಿ ಇನ್ನೊಂದು ಪಜೀತಿ. ಎದ್ದರೆ ಮಾವನ ಪೇಟದ ನೆರಳು ಪರದೆಯ ಮೇಲೆ, ಅಮೆರಿಕದ ಸೇನಾಪತಿಯ ಮುಖಕ್ಕೆ ಸರಿಯಾಗಿ.

"ತಾತ, ಕೂತ್ಕೊಳ್ಳಿ," ಎಂದ ಹಿಂದಿನವನೊಬ್ಬ. "ನೀವೂ ಸಿನಿಮಾದಲ್ಲಿ ಬಂದ್ಬಿಟ್ರಿ."

ಟಾರ್ಚು ಹಿಡಿದವನು ಬಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದ. ನಾನು ಬಿಡುತ್ತೇನೆಯೇ? ಅರ್ಧ ಸಿನಿಮಾ ನೋಡಿದ್ದೇವೆ, ಅರ್ಧ ದುಡ್ಡು ವಾಪಸ್ಸು ಕೊಡಿ ಎಂದು ಮ್ಯಾನೇಜರ್ ಮುಂದೆ ಕೂತೆ.

"ಸ್ವಾಮಿ, ಉಳಿದೋರು ನೋಡಿದ್ದು ಒಂದು ಯುದ್ಧ. ನಿಮ್ ಮಾವನ ಪಕ್ಕ ಕೂತು ನೀವು ಎರಡು ನೋಡಿದ್ದೀರಿ," ಎಂದರು ಅವರು. ಕೊನೆಗೆ ಎರಡು ಕಾಫಿಗೆ ರಾಜಿಯಾಯಿತು.

ಇನ್ನೊಂದು ಸಿನಿಮಾದಲ್ಲಿ ಕತ್ತಿ ಹಿಡಿದ ಜಪಾನಿ ವೀರನೊಬ್ಬ ಮಾತೆತ್ತಿದರೆ ಬಗ್ಗಿ ನಮಸ್ಕರಿಸಿ, ಮಾನಕ್ಕಾಗಿ ಪ್ರಾಣ ಬಿಡುತ್ತೇನೆ ಎನ್ನುತ್ತಿದ್ದ. ಇವನಾದರೂ ಆಗಬಹುದೇ ಎಂದು ಕೇಳಿದೆ.

"ಇವ್ನು ನಾಟಕದ ರಾಜ. ನಾ ನೋಡ್ದೋರ್ಗೆ ಒಟ್ಟೆ ಅಸೀತಿತ್ತು ಕಣ್ಲಾ."

ನನಗೂ ಸಾಕಾಗಿತ್ತು. "ಅವರು ನಿಮ್ ಶತ್ರುಗಳಲ್ವಾ ಮಾವ? ಹೆಂಗಾದ್ರೂ ತೋರಿಸ್ಕೊಳ್ಲಿ, ನಿಮಗೇನು ನಷ್ಟ?" ಎಂದುಬಿಟ್ಟೆ. ಮಾವ ಅಂದು ನಮ್ಮ ಮನೆಯಲ್ಲಿ ಊಟ ಮಾಡದೆ ಬಸ್ಸು ಹತ್ತಿದರು.

ತಿಂಗಳಾದ ಮೇಲೆ ಇನ್ನೊಂದು ಪೋಸ್ಟರು ಬಿತ್ತು. ನಾನೇ ಹೋಗಿ ಕರೆತಂದೆ. ಅದೂ ಅಂಥದ್ದೇ ಸಿನಿಮಾ. ಆದರೆ ನಡುವೆ ಒಂದು ಸಣ್ಣ ದೃಶ್ಯ. ಎದೆಯೆತ್ತರದ ಹುಲ್ಲು. ಒಬ್ಬ ಜಪಾನಿ ಸಿಪಾಯಿ ಕೂತಿದ್ದಾನೆ. ಬಟ್ಟೆಯ ಚೀಲದಿಂದ ಒಂದು ಹಿಡಿ ಅನ್ನ ತೆಗೆದು ನಿಧಾನವಾಗಿ ಅಗಿಯುತ್ತಾನೆ. ಕಿವಿ ಮಾತ್ರ ದಾರಿಯ ಕಡೆಗೆ. ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ.

"ರೀಲ್ ಓಡ್ಸು ಗುರೂ," ಎಂದು ಯಾರೋ ಕೂಗಿದರು. ನಾನು ಮಾವನ ಅಂಗಿ ಹಿಡಿಯಲು ಸಿದ್ಧನಾದೆ. ಅವರು ಏಳಲಿಲ್ಲ. ನನ್ನ ಕೈಯನ್ನೇ ಹಿಡಿದರು.

"ಇವ್ನೇ," ಎಂದರು ಮೆಲ್ಲಗೆ. "ಇಂಥೋನ್ ಕೈಲಿ ಕಣ್ಲಾ ನನ್ ತಮ್ಮ ಸತ್ತಿದ್ದು. ಆ ಕೋಡಂಗಿಗಳ ಕೈಲಲ್ಲ. ಕೋಡಂಗಿ ಕೈಲಿ ಸಾಯಕ್ಕೆ ಅವ್ನೇನ್ ದಡ್ಡನಾ?"

ಓದುಗರೇ, ಅನುಭವಸ್ಥನ ಮಾತು ಕೇಳಿ. ಯುದ್ಧ ಕಂಡವರನ್ನು ಯುದ್ಧದ ಸಿನಿಮಾಕ್ಕೆ ಕರೆದೊಯ್ಯುವುದಾದರೆ ಬಾಲ್ಕನಿ ಬೇಡ, ನೆರಳು ಬೀಳುತ್ತದೆ. ಓಡಾಡುವ ದಾರಿಯ ಪಕ್ಕದ ಕುರ್ಚಿ ಕೇಳಿ ಪಡೆಯಿರಿ. ಮ್ಯಾನೇಜರಿಗೆ ಮೊದಲೇ ಒಂದು ಮಾತು ಹೇಳಿಡಿ. ಅವರು ಎದ್ದು ನಿಂತರೆ ಅಂಗಿ ಜಗ್ಗಬೇಡಿ. ಯಾರ ಪರವಾಗಿ ನಿಂತಿದ್ದಾರೆ ಎಂದು ಮೊದಲು ಕೇಳಿ.