ಒಳಗಿನಿಂದ ಹಾಕುವ ಚಿಲಕ

ನಮ್ಮ ಅಕ್ಕನಿಗೆ ಹುಚ್ಚಿತ್ತು. ಚಿಲಕದ ಹುಚ್ಚು! ಮಂದಿ ಹೊಸ ಮನೆಗೆ ಹೋದರೆ ದೇವರ ಕೋಣೆ ನೋಡುತ್ತಾರೆ, ಅಡುಗೆಮನೆ ನೋಡುತ್ತಾರೆ, ನೆಲದ ಫರಸಿ ಎಲ್ಲಿಂದ ತಂದಿರಿ ಎಂದು ಕೇಳುತ್ತಾರೆ. ಅಕ್ಕ ಮಾತ್ರ ತನ್ನ ಗಾಲಿಕುರ್ಚಿಯನ್ನು ನೆಟ್ಟಗೆ ಹಿತ್ತಲ ಕಡೆ ತಿರುಗಿಸಿ, “ನಿಮ್ಮ ಸಂಡಾಸಕ್ಕ ಎಂಥಾ ಚಿಲಕ ಹಚ್ಚೀರಿ?” ಎಂದು ಕೇಳುತ್ತಿದ್ದಳು. ವಾಸ್ತುಶಾಂತಿಯ ಊಟಕ್ಕೆ ಕರೆದವರು ಇದಕ್ಕೇನು ಉತ್ತರ ಕೊಡಬೇಕು, ನೀವೇ ಹೇಳಿ! ಅವರು ನನ್ನ ಮುಖ ನೋಡುತ್ತಿದ್ದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ.

ಸಣ್ಣವಳಿದ್ದಾಗ ಪೋಲಿಯೊ ಬಂದು ಅವಳ ಎರಡೂ ಕಾಲು ಹೋಗಿದ್ದವು. ಬಲಗೈ ಬೆರಳಿಗೂ ಹಿಡಿತವಿರಲಿಲ್ಲ. ಬರೆಯುವುದು, ಉಣ್ಣುವುದು, ಕುರ್ಚಿ ಹಿಡಿಯುವುದು ಎಲ್ಲಾ ಎಡಗೈ. ಹೀಗಾಗಿ ಬಾಗಿಲು ಹಾಕಲು ಉಳಿಯುತ್ತಿದ್ದದ್ದು ಮುಷ್ಟಿಯಂತೆ ಮಡಚಿಕೊಂಡ ಬಲಗೈ ಒಂದೇ. ನಮ್ಮ ಕಡೆಯ ಸಂಡಾಸದ ಚಿಲಕಗಳೋ, ನಿಂತವರ ಎದೆಯ ಮಟ್ಟಕ್ಕೆ ಇರುತ್ತವೆ. ಅವುಗಳನ್ನು ಹಿಡಿಯುವ ಗುಬುಟು ಕಡಲೆಕಾಳಿನಷ್ಟು!

ಲಕ್ಷ್ಮೇಶ್ವರದ ನಮ್ಮ ತವರುಮನೆಯಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಅಕ್ಕ ಒಳಗಿದ್ದರೆ ಬಾಗಿಲ ಮೇಲೆ ಟವೆಲ್ ಹಾಕುವುದು. ಟವೆಲ್ ಇದ್ದರೆ ಯಾರೂ ಹೋಗಬಾರದು. ಅದರ ಜೊತೆಗೆ ನಾನು ಹೊರಗೆ ಕಾವಲು. ಒಂದು ದಿನ ಶಿರಹಟ್ಟಿಯಿಂದ ನಮ್ಮ ಸೋದರಮಾವ ಬಂದ. ಚಹಾಕ್ಕೆ ಸಕ್ಕರೆ ತರಲು ಅವ್ವ ನನ್ನನ್ನು ಓಡಿಸಿದಳು. ಮಾವ ಹಿತ್ತಲಲ್ಲಿ ಕೈಕಾಲು ತೊಳೆದುಕೊಂಡ, ಸುತ್ತಮುತ್ತ ನೋಡಿದ. ಬಂದ ಬೀಗರಿಗೆ ಒರೆಸಿಕೊಳ್ಳಲು ಟವೆಲ್ ಇಡುವುದು ನಮ್ಮಲ್ಲಿ ಮರ್ಯಾದೆಯಲ್ಲವೇ? ಬಾಗಿಲ ಮೇಲಿದ್ದದ್ದನ್ನು ತೆಗೆದುಕೊಂಡು ಮುಖ ಒರೆಸಿಕೊಂಡ. ಹೆಗಲ ಮೇಲೆ ಹಾಕಿಕೊಂಡ. ಆಮೇಲೆ ಬಾಗಿಲು ನೋಡಿದ. ಟವೆಲ್ ಇಲ್ಲ! ಅಂದರೆ ಒಳಗೆ ಯಾರೂ ಇಲ್ಲ! ನೂಕಿದ!

ಅವ್ವ ಮಾವನನ್ನು ಬೈದಳು. “ಟವೆಲ್ ಇದ್ದದ್ದ ಕಾಣಲಿಲ್ಲೇನೋ?”

“ಕಂಡಿತ್ತವಾ. ಕಂಡದ್ದಕ್ಕ ತಗೊಂಡೆ.”

ಊರೆಲ್ಲ ನಕ್ಕಿತು. ಮಾವನೂ ಪಾಪ, ತನ್ನ ಮೇಲೆ ತಾನೇ ನಕ್ಕ. ಅಕ್ಕ ನಗಲಿಲ್ಲ, ಅಳಲೂ ಇಲ್ಲ. ಅಂದಿನಿಂದ ಮನೆಗೆ ಯಾರಾದರೂ ಬಂದರೆ ನೀರು ಕುಡಿಯುವುದನ್ನು ಬಿಟ್ಟಳು. ಸಮಸ್ಯೆಯ ಬುಡಕ್ಕೇ ಕೈ ಹಾಕಿದ್ದಳು ನೋಡಿ!

ಯಳವತ್ತಿಯಲ್ಲಿ ಒಂದು ಮದುವೆ. ಮುಂಜಾನೆಯಿಂದ ಅಕ್ಕ ಒಂದು ಹನಿ ನೀರು ಮುಟ್ಟಿರಲಿಲ್ಲ. ಬಿಸಿಲು ಬೇರೆ. ಪಕ್ಕದಲ್ಲಿ ಕುಳಿತ ಮುದುಕಿಯೊಬ್ಬಳು ಕೇಳಿದಳು, “ಉಪಾಸ ಏನವಾ?”

“ಹೌದ್ರಿ ಅಮ್ಮಾ. ಸೋಮವಾರ.”

ಅಂದು ಗುರುವಾರ. ಮುದುಕಿ ಲೆಕ್ಕ ಹಾಕುತ್ತ ಕೂಡಲಿಲ್ಲ. “ಇಂಥಾ ಕಷ್ಟದಾಗೂ ಎಷ್ಟ ಭಕ್ತಿ!” ಎಂದು ಕೈಮುಗಿದಳು. ಆಮೇಲೆ ನಾಲ್ಕು ಹೆಂಗಸರು ತಮ್ಮ ಮಕ್ಕಳನ್ನು ಕರೆತಂದು ಅಕ್ಕನ ಕಾಲಿಗೆ ನಮಸ್ಕಾರ ಮಾಡಿಸಿದರು. ಸಂಡಾಸಕ್ಕೆ ಚಿಲಕವಿಲ್ಲದ ಕಾರಣಕ್ಕೆ ಶರಣೆಯಾದವಳು ಈ ಭೂಮಿಯ ಮೇಲೆ ನಮ್ಮ ಅಕ್ಕ ಒಬ್ಬಳೇ ಇರಬೇಕು!

ಅವಳು ಮುಂಡರಗಿಯಲ್ಲಿ ಕಚೇರಿಯೊಂದರ ಗುಮಾಸ್ತೆಯಾಗಿದ್ದಳು. ಗದಗ ಹೊಸ ಜಿಲ್ಲೆಯಾದ ಮೇಲೆ ಇಲ್ಲಿಗೆ ವರ್ಗವಾಗಿ ಬಂದು, ಬೆಟಗೇರಿಯಲ್ಲಿ ನನ್ನ ಮತ್ತು ನಮ್ಮ ಮನೆಯವರ ಜೊತೆಗೇ ಇದ್ದಳು. ಕೆಲವು ವರ್ಷಕ್ಕೆ ಕಚೇರಿಯಲ್ಲಿ ಅಂಗವಿಕಲರಿಗೆಂದೇ ಒಂದು ಸಂಡಾಸ ಕಟ್ಟಿಸಿದರು. ಇಳಿಜಾರಿನ ದಾರಿ, ಗೋಡೆಗೆ ಹಿಡಿ, ಬಾಗಿಲ ಮೇಲೆ ಗಾಲಿಕುರ್ಚಿಯ ಚಿತ್ರ. ಅಕ್ಕ ಅಂದು ಡಬ್ಬಿಯ ಜೊತೆ ನೀರಿನ ಬಾಟಲಿಯನ್ನೂ ಒಯ್ದಳು. ಹೋಗಿ ನೋಡಿದರೆ ಹೊರಗೆ ಅಂಗೈಯಷ್ಟು ದೊಡ್ಡ ಬೀಗ!

“ಬೀಗ ಯಾಕ ಹಾಕೀರೋ?” ಎಂದು ಕಚೇರಿಯ ಸಿಪಾಯಿಯನ್ನು ಕೇಳಿದಳು.

“ಎಲ್ಲಾರೂ ಹೋಗಿ ಹೊಲಸ ಮಾಡ್ತಾರ್ರಿ ಅಕ್ಕಾರ. ನಿಮಗಂತ ಕಾದಿಟ್ಟೀವಿ.”

ಕಾದಿಟ್ಟ ಬೀಗ ತೆಗೆದರೆ ಒಳಗೆ ಕಸಬರಿಗೆ, ಮುರಿದ ಕುರ್ಚಿ, ಹೋದ ವರ್ಷದ ಬ್ಯಾನರ್. ಅವನ್ನೆಲ್ಲ ತೆಗೆಸಿದ್ದಾಯಿತು. ಒಳಗೆ ಚಿಲಕವೇ ಇಲ್ಲ. ಸಾಹೇಬರು, “ಒಳಗ ಯಾಕಮ್ಮಾ ಚಿಲಕ? ಸಿಕ್ಕೊಂಡ್ರ ಯಾರ ಜವಾಬ್ದಾರಿ?” ಎಂದರು. ಅರ್ಜಿ ಕೊಟ್ಟಳು. ಚಿಲಕ ಬಂತು, ಬಡಿಗನ ಭುಜದ ಎತ್ತರಕ್ಕೆ. ಮತ್ತೆ ಅರ್ಜಿ. ಕೆಳಗಿಳಿಯಿತು. ಆದರೆ ಬಾಗಿಲು ಒಳಗೆ ತೆರೆಯುತ್ತಿತ್ತು, ಕುರ್ಚಿ ಒಳಗೆ ಬಂದರೆ ಬಾಗಿಲು ಹಾಕಲು ಜಾಗವಿಲ್ಲ. ಚಿಲಕ ಕದದ ಮೇಲೆ, ಕೊಂಡಿ ಚೌಕಟ್ಟಿನ ಮೇಲೆ, ನಡುವೆ ಅಕ್ಕನ ಕುರ್ಚಿ. ಅವೆರಡರ ಜಾತಕ ಕೊನೆತನಕ ಕೂಡಲಿಲ್ಲ. ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ದಿನಾ ಮನೆಗೆ ಬರುತ್ತಿತ್ತು. ಅದನ್ನು ತುಳಸಿಗೆ ಹಾಕುತ್ತಿದ್ದೆ.

ಈ ಉಪವಾಸದ ಫಲ ಬರದೇ ಇರುತ್ತದೆಯೇ? ಅಕ್ಕನ ಮುಖ ಬಾತಿತು. ದವಾಖಾನೆಗೆ ಹೋದೆವು. ಕಿಡ್ನಿ ಕೆಟ್ಟಿವೆ ಎಂದರು. ಡಾಕ್ಟರರು, “ಇಷ್ಟ ವರ್ಷ ನೀರ ಯಾಕ ಕುಡೀಲಿಲ್ಲ್ರಿ ನೀವು?” ಎಂದು ಗದರಿದರು.

ಅಕ್ಕ ನಗುತ್ತ, “ಡಾಕ್ಟರ್ ಸಾಹೇಬ್ರ, ನಿಮ್ಮ ದವಾಖಾನಿ ಸಂಡಾಸದ ಚಿಲಕ ಒಮ್ಮೆ ನೋಡ್ಕೊಂಡ ಬರ್ರಿ. ಆಮ್ಯಾಲ ಬೈರಿ,” ಎಂದಳು.

ಅವರು ಹೋಗಿ ನೋಡಲಿಲ್ಲ. ನಾನು ನೋಡಿದೆ. ಚಿಲಕದ ಜಾಗದಲ್ಲಿ ಒಂದು ಸುತಳಿ ಕಟ್ಟಿದ್ದರು.

ಇನ್ನು ಮನೆಯಲ್ಲಾದರೂ ಒಂದು ಸರಿಯಾದ ಬಾಗಿಲು ಬೇಕೆಂದು ಅಕ್ಕ ಹಟ ಹಿಡಿದಳು. ಆಗಲೇ ಯಾವುದಕ್ಕೂ ಅರ್ಥ ಉಳಿದಿರಲಿಲ್ಲ, ಆದರೆ ಅದನ್ನು ಅವಳಿಗೆ ಹೇಳುವವರು ಯಾರು? ಗದಗಿನ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದೆವು. ಪ್ರತಿ ಚಿಲಕವನ್ನೂ ತೊಡೆಯ ಮೇಲಿಟ್ಟುಕೊಂಡು ಬಲಮುಷ್ಟಿಯಿಂದ ಹೊಡೆಯುವುದು, ಮೊಣಕೈಯಿಂದ ನೂಕುವುದು, “ಊಹೂಂ” ಎಂದು ತಿರುಗಿ ಕೊಡುವುದು. ಒಬ್ಬ ಅಂಗಡಿಯವನಿಗೆ ಬೇಸರವಾಯಿತು.

“ಅಕ್ಕಾರ, ಮನ್ಯಾಗ ಬಂಗಾರ ಭಾಳ ಐತೇನ್ರಿ?”

“ಇಲ್ಲಪಾ. ಒಂದ ಸಂಡಾಸ ಐತಿ.”

ಕೊನೆಗೆ ಒಂದು ಸಿಕ್ಕಿತು. ಗೇಣುದ್ದದ ಹಿಡಿ, ಮುಷ್ಟಿಯಿಂದ ಒತ್ತಿದರೆ ಸಾಕು, ಟಕ್ ಎಂದು ಬೀಳುತ್ತದೆ. ಒಳಗೆ ಯಾರಾದರೂ ಇದ್ದರೆ ಹೊರಗೆ ಕೆಂಪು ಕಾಣುತ್ತದೆ. ಹೊರಗೊಂದು ಸಣ್ಣ ಸೀಳು. ಹೊತ್ತು ಬಂದರೆ ಅದರಲ್ಲಿ ನಾಣ್ಯ ತೂರಿಸಿ ತಿರುಗಿಸಿ ತೆರೆಯಬಹುದು. ನನಗೆ ಹೋದ ಜೀವ ಬಂದಂತಾಯಿತು. ಅಕ್ಕನಿಗೆ ಸಿಟ್ಟು ಬಂತು.

“ಹೊರಗಿಂದ ತೆಗಿಯೂ ಹಂಗಿದ್ದರ ಅದು ಚಿಲಕ ಹೆಂಗಾತು? ಬರೇ ಶೃಂಗಾರ.”

“ಒಳಗ ಬಿದ್ದರ ಏನ್ ಮಾಡ್ತಿ ಅಕ್ಕಾ?”

“ಬಿದ್ದರ ಬೀಳತೀನಿ. ಬಿದ್ದಾಕಿನ್ನ ಓಣಿ ಮಂದಿ ನಿಂತ ನೋಡಬೇಕೇನು?”

ಅಂಗಡಿಯಲ್ಲೇ ಜಗಳವಾಡಿದೆವು. ಅವಳಿಗೆ ಬಾಗಿಲು ಬೇಕಿತ್ತು, ನನಗೆ ಅಕ್ಕ ಬೇಕಿತ್ತು. ನಾನು ಅತ್ತುಬಿಟ್ಟೆ. ಅದಕ್ಕೆ ಸೋತು, “ಆತು, ತಗೋ ಮಾರಾಯ್ತಿ,” ಎಂದಳು.

ಚಿಲಕ ಕೂಡಿಸುವ ದಿನ ಬಡಿಗ್ಯಾರ ಕಾಕಾ ಬಂದ. ಬಾಗಿಲನ್ನು ಹೊರಗೆ ತೆರೆಯುವಂತೆ ತಿರುಗಿಸಿದ. ಪೆನ್ಸಿಲ್ ತೆಗೆದವನೇ ನಿಂತು ತನ್ನ ಎದೆಯ ಮಟ್ಟಕ್ಕೆ ಗುರುತು ಹಾಕಿದ! ಅಕ್ಕ ಹಾಸಿಗೆಯ ಮೇಲಿಂದಲೇ ಕೂಗಿದಳು, “ಕಾಕಾ, ನನ್ನ ಕುರ್ಚ್ಯಾಗ ಕುಂತು ಗುರ್ತ ಹಾಕ.”

“ಬ್ಯಾಡವಾ. ಆ ಕುರ್ಚ್ಯಾಗ ಕುಂಡ್ರೂದು ಛಲೋ ಅಲ್ಲ. ಅಪಶಕುನ.”

“ಅಪಶಕುನ? ನಾ ಸಣ್ಣಾಕಿದ್ದಾಗಿಂದ ಕುಂತೀನಿ. ನನಗೇನಾಗೇತಿ?”

ಕಾಕಾ ಅವಳ ಕಾಲು ನೋಡಿದ. “ಅದನ್ನ ಹೇಳಾಕತ್ತೀನವಾ!”

ಅಕ್ಕ ಎಷ್ಟು ನಕ್ಕಳೆಂದರೆ ಕೆಮ್ಮು ಬಂತು. ಕೊನೆಗೆ ಕುರ್ಚಿಯಲ್ಲಿ ಕುಳಿತದ್ದು ನಾನು. ಬಲಗೈ ಮುಷ್ಟಿ ಮಾಡಿ ಚಾಚಿದೆ. ಕಾಕಾ ಅಲ್ಲಿಗೆ ಗುರುತು ಹಾಕಿದ.

ಸಂಜೆಗೆ ಅಕ್ಕ ಒಳಗೆ ಹೋದಳು. ಟಕ್. ಕೆಂಪು ಬಂತು. ನಾನು, ಕಾಕಾ ಇಬ್ಬರೂ ಹೊರಗೆ ಕಾದೆವು. ಹೊತ್ತಾಯಿತು. ನೀರಿನ ಸಪ್ಪಳವಿಲ್ಲ, ಕೆಮ್ಮಿಲ್ಲ.

“ಅಕ್ಕಾ, ಏನ್ ಮಾಡಾಕತ್ತಿ?”

“ಏನೂ ಇಲ್ಲ.”

“ಮತ್ತ?”

“ಸುಮ್ಮ ಕುಂತೀನಿ. ಬಾಗಲಾ ಹಾಕ್ಕೊಂಡ ಕುಂತೀನಿ. ನೀ ಹೋಗ, ರೊಟ್ಟಿ ಮಾಡ ಹೋಗ.”

ಅದೇ ಅವಳ ಹೊಸ ಚಟವಾಯಿತು. ದಿನಾ ಒಳಗೆ ಹೋಗಿ ಸುಮ್ಮನೆ ಕೂಡುವುದು! ನಮ್ಮ ಮನೆಯವರು ಚೊಂಬು ಹಿಡಿದು ಹಿತ್ತಲಲ್ಲಿ ಅಡ್ಡಾಡುತ್ತಿದ್ದರು. ಒಮ್ಮೆಯೂ ಬಾಗಿಲು ಬಡಿಯಲಿಲ್ಲ. ಆ ಸುಖ ಬಹಳ ದಿನ ಬಾಳಲಿಲ್ಲ. ಅವಳು ಈಗ ಬೇಕಾದಷ್ಟು ನೀರು ಕುಡಿಯಬಹುದಿತ್ತು, ಆದರೆ ಡಾಕ್ಟರರು ನೀರನ್ನು ಅಳೆದು ಕೊಡಿರಿ ಎಂದುಬಿಟ್ಟಿದ್ದರು. ಚಿಲಕ ಬಂದಾಗ ನೀರು ಹೋಯಿತು. ಇದನ್ನು ಯಾರ ಮುಂದೆ ಹೇಳಿ ನಗಲಿ?

ಒಂದು ಮುಂಜಾನೆ ಬಾಗಿಲ ಮೇಲೆ ಕೆಂಪು ಇತ್ತು. ನಾನು ರೊಟ್ಟಿ ಬಡಿದು ಮುಗಿಸಿದೆ, ಪಲ್ಯ ಇಳಿಸಿದೆ. ಇನ್ನೂ ಕೆಂಪೇ ಇತ್ತು. ಕರೆದೆ. ಮತ್ತೆ ಕರೆದೆ. ನನ್ನ ದನಿ ಕೇಳಿ ಮನೆಯವರು ಬಂದರು, ಓಣಿಯವರು ಬಂದರು. ಹಿತ್ತಲು ತುಂಬಿತು. ನಾಣ್ಯ ಸೀಳಿಗೆ ಹೋಗಲೊಲ್ಲದು. ಕೊನೆಗೆ ಹೋಯಿತು.

ಬಾಗಿಲನ್ನು ನನ್ನಷ್ಟೇ ಅಗಲ ತೆರೆದು ಒಳಗೆ ಹೋದೆ. ಅಕ್ಕ ಗೋಡೆಗೆ ಒರಗಿ ಬಿದ್ದಿದ್ದಳು. ಮೈ ತಣ್ಣಗಾಗಿತ್ತು. ನಾನು ತಿರುಗಿ ಬಾಗಿಲು ಎಳೆದುಕೊಂಡೆ. ಚಿಲಕ ಹಾಕಿದೆ. ಅವಳ ಸೀರೆ ಇಳಿಸಿ ನೆರಿಗೆ ಸರಿಮಾಡಿದೆ, ಸೆರಗು ಹೊದಿಸಿದೆ, ಕೂದಲು ಹಿಂದೆ ಸರಿಸಿದೆ. ಹೊರಗಿನಿಂದ ಬಾಗಿಲು ಬಡಿಯತೊಡಗಿದರು, “ಏನಾತು? ತೆಗೀರಿ, ತೆಗೀರಿ!”

“ತಡೀರಿ,” ಎಂದೆ. “ಒಳಗ ಅದೀವಿ.”