ನಮ್ಮ ವ್ಯಾನ್ ಸೋರುವುದಿಲ್ಲ

ನನ್ನ ಮಾವನವರ ತಂದೆ ಗ್ರಾಂಟ್ ರೋಡಿನಲ್ಲಿ ಹೋಟೆಲು ತೆರೆದಂದಿನಿಂದ ನಮ್ಮ ಮನೆತನದತ್ತ ಯಾರೂ ಬೆರಳು ತೋರಿಸಿದ್ದಿಲ್ಲ. ಗಿರಾಕಿಯೊಬ್ಬ ಮರೆತುಹೋದ ಕೊಡೆಯನ್ನು ಮಾವನವರು ಹನ್ನೊಂದು ಮಳೆಗಾಲ ಕಾದಿಟ್ಟು, ಒಗೆದು ಹಿಂದಿರುಗಿಸಿದವರು. ನಾನಾದರೋ ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನಮ್ಮ ಉಗುರು, ಕಾಲರು, ಸತ್ಯ ಮೂರನ್ನೂ ದಿನಾ ಪರೀಕ್ಷಿಸುತ್ತಿದ್ದರು. ಇಷ್ಟು ಶಿಸ್ತಿನಿಂದ ಬದುಕಿದವರಿಗೇ ಇಂಥವೆಲ್ಲ ಒದಗುವುದು ಯಾಕೋ ನನಗೆ ತಿಳಿಯದು.

ಗೇಟಿನಿಂದ ಲಿಫ್ಟಿಗೆ

ಕಾಂದಿವಲಿಯ ಒಂದು ಹೌಸಿಂಗ್ ಸೊಸೈಟಿಯ ತಿಂಗಳ ಕೂಟಕ್ಕೆ ನಮ್ಮ ಹೋಟೆಲಿನದೇ ಊಟ. ವ್ಯಾನಿನ ನೆಲ ತುಕ್ಕು ಹಿಡಿದು ಒಂದು ತೂತು ಬಿದ್ದಿತ್ತು, ಒಪ್ಪುತ್ತೇನೆ. ಅಲ್ಲಿನ ಸೆಕ್ರೆಟರಿ ಎಲ್ಲರೆದುರು ಕೂಗಿದರು, "ಅಕ್ಕಾ, ನಿಮ್ಮ ವ್ಯಾನ್ ಲೀಕ್! ಗೇಟಿನಿಂದ ಲಿಫ್ಟಿನವರೆಗೆ ಸಾಂಬಾರಿನ ಲೈನ್. ಅನ್ನ ತಂದ್ರೆ ಪಾರ್ಕಿಂಗಲ್ಲೇ ಕಲಸಿ ತಿನ್ಬಹುದು. ಇನ್ನೊಂದ್ಸಲ ಹೀಗಾದ್ರೆ ಆರ್ಡರ್ ಬೇರೆಯವ್ರಿಗೆ."

"ಮುಂದಿನ ಸಲ ಒಂದು ಹನಿಯೂ ಸೋರುವುದಿಲ್ಲ," ಎಂದೆ. "ಸೋರದಿದ್ದರೆ ನೀವು ಎಲ್ಲರೆದುರು ಕ್ಷಮೆ ಕೇಳಬೇಕು."

"ಕೇಳ್ತೇನೆ ಅಕ್ಕ, ಪಕ್ಕಾ," ಎಂದರು. ಹಲ್ಲು ಕಿರಿಯುತ್ತಲೇ.

ಹುಣಸೆಹುಳಿ

ಗ್ಯಾರೇಜಿನವನು ತೂತಿಗೆ ತಗಡು ಬೆಸೆದು ಕೊಟ್ಟ. ನೆಲಕ್ಕೆ ನೀರು ಇಳಿಯದಂಥ ಬಣ್ಣ ಬಳಿಯಲು ಇನ್ನೂ ನಾಲ್ಕು ದಿನ ಬೇಕೆಂದ. ಹಾಗಾದರೆ ನಾನೇ ಬಳಿಯುತ್ತೇನೆ ಎಂದು ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಕೆಳಗೆ ಸೆರಗು ಸಿಕ್ಕಿಸಿ ನಿಂತೆ. ಡಬ್ಬಿಯ ಮೇಲೆ "ನೆಲ ಚೊಕ್ಕಟವಾಗಿರಬೇಕು" ಎಂದಿತ್ತು. ಹುಣಸೆಹುಳಿ ಹಾಕಿ ಎರಡು ಸಲ ತಿಕ್ಕಿ, ಡ್ರೈವರನಿಗೆ ಮೂರನೆಯ ಸಲ ತಿಕ್ಕಲು ಹೇಳಿದೆ. ಆತ ವಿಜಯಪುರದ ಕಡೆಯವನು.

"ಅಮ್ಮಾರ, ಇದು ವ್ಯಾನ್ ಐತ್ರಿ. ದೇವರ ಸಾಮಾನ ಅಲ್ರಿ."

"ಮಾತು ಸಾಕು, ತಿಕ್ಕು."

ತಿಕ್ಕಿದ. ಆಮೇಲೆ ಚಪ್ಪಲಿ ಬಿಟ್ಟು, ಕೈಮುಗಿದೇ ಒಳಗೆ ಕಾಲಿಟ್ಟ.

ರಾಹುಕಾಲ

ಬಣ್ಣ ಎರಡು ಡಬ್ಬಿಗಳಲ್ಲಿ ಬರುತ್ತದೆ. ಎರಡನ್ನೂ ಬೆರೆಸಿದ ಅರ್ಧ ಗಂಟೆಯೊಳಗೆ ಬಳಿದು ಮುಗಿಸಬೇಕು. ಅಡುಗೆಮನೆಯ ದೊಡ್ಡ ಸೌಟಿನಿಂದ ಬಕೆಟ್ಟಿನಲ್ಲಿ ಬೆರೆಸಿ ಬ್ರಷ್ ಎತ್ತಿದೆನೋ ಇಲ್ಲವೋ, ಬಾಲ್ಕನಿಯಿಂದ ನನ್ನ ಯಜಮಾನರು ಕೂಗಿದರು, "ನಿಲ್ಲು ಮಾರಾಯ್ತಿ! ಶನಿವಾರ, ಒಂಬತ್ತು ಗಂಟೆ. ರಾಹುಕಾಲ ಶುರುವಾಯ್ತು!"

ನಿಂತೆ. ನಮ್ಮಲ್ಲಿ ರಾಹುಕಾಲದಲ್ಲಿ ಹೊಸ ಕೆಲಸ ಶುರುಮಾಡುವುದಿಲ್ಲ. ಒಂದೂವರೆ ಗಂಟೆ ಕಾದೆವು. ನಡುವೆ ಬಕೆಟ್ಟಿನಿಂದ ಸಣ್ಣಗೆ ಹೊಗೆಯೂ ಬಂತು. ಹತ್ತೂವರೆಗೆ ಸೌಟು ಹಿಡಿದೆತ್ತಿದರೆ ಬಕೆಟ್ಟೂ ಜೊತೆಗೇ ಮೇಲೆ ಬಂತು.

ಯಜಮಾನರು ಇಳಿದು ಬಂದು, ಬೆರಳಿನಿಂದ ಕುಟ್ಟಿ ನೋಡಿ, "ಬಣ್ಣ ಒಳ್ಳೇದುಂಟು," ಎಂದರು.

ಕೊನೆಗೆ ಕಾಂದಿವಲಿ

ಹೊಸ ಡಬ್ಬಿ ತರಿಸಿ, ಹೇಳಿದಂತೆಯೇ ನೆಲಕ್ಕೂ, ಒಳಗೋಡೆಗೆ ಗೇಣೆತ್ತರದವರೆಗೂ ಬಳಿದೆ. ಹಿಂಬಾಗಿಲ ಸಂದಿಗೆ ಹೊಸ ರಬ್ಬರನ್ನೂ ಹಾಕಿಸಿದೆ. ಮುಂದಿನ ಊಟದ ದಿನ ನಾನೇ ಮುಂದಿನ ಸೀಟಿನಲ್ಲಿ ಕೂತು ಹೋದೆ. ಸೊಸೈಟಿಯ ಗೇಟಿನ ಉಬ್ಬಿನಲ್ಲಿ ವ್ಯಾನ್ ಎಗರಿತು. ಹಿಂದೆ ಏನೋ ಧಡ್ ಎಂದಿತು.

ಸೆಕ್ರೆಟರಿ ಬಿಳಿ ಪ್ಯಾಂಟು ತೊಟ್ಟು, ಟಾರ್ಚು ಹಿಡಿದು ಕಾದಿದ್ದರು. ಬಗ್ಗಿ ವ್ಯಾನಿನ ಅಡಿ ಪೂರ್ತಿ ನೋಡಿದರು. ಸೊಸೈಟಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು.

"ಒಂದು ಹನಿಯೂ ಇಲ್ಲ!" ಎಂದರು ಅವರೇ, ಅವರ ಬಾಯಿಂದಲೇ. "ಮಾನ್‌ ಗಯೇ ಅಕ್ಕ, ಒಪ್ಪಿದೆ!"

ಆ ಖುಷಿಯಲ್ಲಿ ಹಿಂಬಾಗಿಲನ್ನು ತಾವೇ ತೆಗೆದರು.

ಹಳೆಯ ತೂತು ಇದ್ದಿದ್ದರೆ ಸಾಂಬಾರು ದಾರಿಯಲ್ಲೇ ಸ್ವಲ್ಪ ಸ್ವಲ್ಪ ಸೋರಿಹೋಗಿರುತ್ತಿತ್ತು. ಈಗ ಉರುಳಿದ ಹಂಡೆಯ ಸಾಂಬಾರು ಪೂರ್ತಿ ಅವರಿಗಾಗಿ ಕಾದಿತ್ತು. ಸದ್ಯ, ಬೆಚ್ಚಗಿತ್ತಷ್ಟೆ. ಸೆಕ್ರೆಟರಿ ಕಣ್ಣು ತೆರೆದು, ಜೇಬಿನಿಂದ ಒಂದು ನುಗ್ಗೆಕಾಯಿ ಹೊರತೆಗೆದು, "ಅಕ್ಕಾ, ಇದು ಲೀಕ್ ಅಲ್ವಾ?" ಎಂದರು.

"ಅಲ್ಲ," ಎಂದೆ. "ಬಾಗಿಲು ತೆಗೆದವರು ನೀವು."

ಆ ದಿನ ಎಲ್ಲರೂ ಸಾಂಬಾರಿಲ್ಲದೆ ಬರೀ ಸಾರಿನಲ್ಲೇ ಊಟ ಮಾಡಿದರು. ಸೆಕ್ರೆಟರಿ ಮಾತ್ರ ಸೊಸೈಟಿಯ ಗ್ರೂಪಿನಲ್ಲಿ "ವ್ಯಾನ್ ಇನ್ನೂ ಲೀಕ್" ಎಂದು ಬರೆದಿದ್ದಾರೆ. ಅದು ಸುಳ್ಳು. ನೆಲದಿಂದ ಒಂದು ಹನಿಯೂ ಸೋರಿಲ್ಲ; ಪರೀಕ್ಷಿಸಿದವರು ಅವರೇ. ಆದ್ದರಿಂದ ಸೆಕ್ರೆಟರಿಯವರು ಮಾತು ಕೊಟ್ಟಂತೆ ಅದೇ ಗೇಟಿನ ಬಳಿ, ಎಲ್ಲರೆದುರು, ನನ್ನ ಕ್ಷಮೆ ಕೇಳಬೇಕು.